ಹನ್ನೆರಡನೆಯ ತಟ್ಟೆ

ಸಾವೊ ಪಾಲೊದ ಒಳನಾಡು, ಜುಲೈ ತಿಂಗಳ ಚಳಿ.
ಕಬ್ಬಿನ ಸಿಪ್ಪೆ ತಿಂದು ಬಾಯ್ಲರು ಗುರುಗುಡುತ್ತದೆ.
ರಾತ್ರಿ ಪಾಳಿಯ ಝುಲ್ಮೀರಾ
ಹೊಸ ಹುಡುಗ ಎದಿವಾನನಿಗೆ ಹೇಳುತ್ತಾಳೆ:

ತೊಂಬತ್ತೈದರವರೆಗೆ ಯಾರು ಬೇಕಾದರೂ ಹತ್ತಿಸಿಯಾರು,
ಕಂಬ ಎತ್ತರವಿದ್ದರೆ ಸಾಕು.
ಅಲ್ಲಿಂದಾಚೆ ನೀರೂ ಸ್ಪಿರಿಟ್ಟೂ
ಒಂದೇ ಉಸಿರಲ್ಲಿ ಏಳುತ್ತವೆ, ಒಂದೇ ಉಸಿರಲ್ಲಿ ಇಳಿಯುತ್ತವೆ.
ಇನ್ನೆಷ್ಟು ತಟ್ಟೆ ಪೇರಿಸಿದರೂ ಅಷ್ಟೇ.

‘ಗಂಡ ಹೆಂಡಿರ ಹಾಗೆ’ ಅಂದ ಎದಿವಾನ್.
‘ಯಾವುದರ ಹಾಗೂ ಅಲ್ಲ. ನೀರು, ಸ್ಪಿರಿಟ್ಟು.
ಪರದೆ ನೋಡು.’

ಬಿಡಿಸಲು ಮೂರನೆಯದೊಂದು ಬೇಕು.
ಈಗ ಸೈಕ್ಲೋಹೆಕ್ಸೇನ್. ಹಿಂದೆ ಬೆಂಜೀನ್ ಇತ್ತು.
ಗ್ರೀಸು ಚೆನ್ನಾಗಿ ಹೋಗುತ್ತದೆಂದು ಅದರಲ್ಲೇ
ಕೈ ತೊಳೆಯುತ್ತಿದ್ದ ಅವಳ ಸೋದರಮಾವ ಒಲೆಗಾರಿಯೊ.
ಐವತ್ತೊಂದಕ್ಕೆ ನೆತ್ತರು ಕೆಟ್ಟಿತು.
ಅಷ್ಟು ಹೇಳಿ ಅವಳು ಲೋಟ ತೊಳೆದಿಟ್ಟಳು.

ಮೂರನೆಯದು ನೀರಿನ ಕೈ ಹಿಡಿದು ತುದಿ ಹತ್ತಬೇಕು,
ಗಾಜುಗಿಂಡಿಯ ತೊಟ್ಟಿಯಲ್ಲಿ ನೀರನ್ನು ಅಡಿಗಿಳಿಸಿ
ತಾನು ಮೇಲಿನ ಪದರವಾಗಿ ಕಂಬಕ್ಕೆ ಮರಳಬೇಕು.
ಬುಡದ ಸರಕಿನಲ್ಲಿ ಸಿಕ್ಕಿಬಿದ್ದರೆ ಟ್ಯಾಂಕರು ವಾಪಸು.
ಮೇಲೆ ಅರವತ್ಮೂರು ಡಿಗ್ರಿ, ಕೆಳಗೆ ಎಪ್ಪತ್ತೆಂಟು.
ನಡುವಿನ ಗಡಿ ಹನ್ನೆರಡನೆಯ ತಟ್ಟೆಯಲ್ಲಿ
ಮಲಗಿದ ನಾಯಿ.
ಕಾಲು ತಗುಲಿತೋ, ಎದ್ದು ಓಡುತ್ತದೆ.

ಎರಡೂಕಾಲಿಗೆ ತೆಂಕಣ ಗಾಳಿ ಬೀಸಿತು.
ತುದಿಯಿಂದ ಮರಳುವ ದ್ರವ ಇದ್ದಕ್ಕಿದ್ದಂತೆ ತಣ್ಣಗಾಗಿ
ಗಡಿ ಜಾರಿತು: ಹನ್ನೊಂದು, ಒಂಬತ್ತು, ಏಳು.
ಕಂಟ್ರೋಲರು ಕಸಿದು ಎದಿವಾನ್ ಆವಿ ಹೆಚ್ಚಿಸಿದ.
ಏನೂ ಆಗಲಿಲ್ಲ.
ಇನ್ನಷ್ಟು.
ಏನೂ ಆಗಲಿಲ್ಲ.
ಇನ್ನಷ್ಟು; ಆಗ ಎಲ್ಲವೂ ಒಟ್ಟಿಗೇ ಆಯಿತು.
ಹದಿನೆಂಟನೇ ತಟ್ಟೆಯೂ ಕಾದು,
ತೊಟ್ಟಿಯ ಎರಡು ಪದರ ಕಲಸಿ ಹಾಲಾಯಿತು.

ಝುಲ್ಮೀರಾ ಬೈಯಲಿಲ್ಲ.
ಸರಕಿನ ಕೊಳವೆಯನ್ನು ಮರುಕಾಯಿಸುವ ಟ್ಯಾಂಕಿಗೆ ತಿರುಗಿಸಿದಳು.
ಹರಿದು ಬರುವುದನ್ನು ತಗ್ಗಿಸಿದಳು.
ಆವಿಯನ್ನು ಮೊದಲಿದ್ದಲ್ಲಿಗೆ ತಂದು
ಒಂದು ಕೂದಲೆಳೆ ಮುಂದಿಟ್ಟಳು. ಆಮೇಲೆ
ಎರಡೂ ಕೈ ಕೋಟಿನ ಜೇಬಿಗೆ.

‘ಈಗ?’
‘ಈಗ ನಲವತ್ತು ನಿಮಿಷ.
ನೀನು ಮಾಡಿದ್ದು ಅದಕ್ಕಿನ್ನೂ ಮುಟ್ಟಿಲ್ಲ.’

ಮೂರೂವರೆಗೆ ಟಾರ್ಚು ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿದರು.
ಕಿಂಡಿಯಲ್ಲಿ ಹಾಲು ಒಡೆಯುತ್ತಿತ್ತು.
ಮೊದಲು ಹನಿ, ಹನಿಯ ಸಾಲು, ಕೊನೆಗೊಂದು ಗೆರೆ:
ಅತ್ತ ಇತ್ತ ತೂಗಿ
ಉಗುರಷ್ಟು ಕೆಳಗೆ ನಿಂತಿತು,
ನಿಲ್ಲಬೇಕಾದುದಕ್ಕಿಂತ ಉಗುರಷ್ಟೇ ಕೆಳಗೆ.

ಸರಿಪಡಿಸಲೆಂದು ಹುಡುಗನ ಕೈ ವಾಲ್ವಿನತ್ತ ಚಾಚಿತು.
ಅವಳು ಆ ಕೈಗೆ
ಫ್ಲಾಸ್ಕಿನ ಬಿಸಿ ಮುಚ್ಚಳ ಕೊಟ್ಟಳು,
ತುಂಬ ಕಾಫಿ,
ಚೆಲ್ಲದಂತೆ ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು.