ಚಪ್ಪಲಿ ಲೆಕ್ಕ

ವಾರಕ್ಕೊಂದೇ ರಜೆ. ಕೂಸು ಸೊಂಟದ ಮೇಲೆ.
ಹಬ್ಬುವಾಡದ್ದು ಮೊದಲು:
ಗೋಡೆ ತುಂಬ ಜಿರಾಫೆ, ಮೇಜಿನ ಮೇಲೆ ದರಪಟ್ಟಿ,
ಮೂಲೆಗೊಂದು ಕ್ಯಾಮೆರಾ. "ಫೋನಿನಲ್ಲೇ ನೋಡಬಹುದು ಮೇಡಂ."
ಕಂಡಕ್ಟರು ನಾನು, ತಲೆ ಎಣಿಸುವುದು ಕಣ್ಣಿಗೆ ರೂಢಿ.
ಬಾಗಿಲಲ್ಲಿ ಚಪ್ಪಲಿ ಹತ್ತೊಂಬತ್ತು ಜೊತೆ,
ಒಳಗೆ ಮಕ್ಕಳು ಹದಿನಾರು.
"ಉಳಿದ ಮೂರು?"
"ಮಲಗಿವೆ" ಅಂದರು.
ಆ ಕೋಣೆಗೆ ಹೊರಗಿನಿಂದ ಚಿಲಕ.

ಕಾಜುಬಾಗದಲ್ಲಿ ಎಲ್ಲ ಕೈಕಟ್ಟಿ ಕೂತಿದ್ದವು,
ನನ್ನ ಕಂಡದ್ದೇ ಒಂದೇ ಉಸಿರಿಗೆ ಪದ್ಯ ಒಪ್ಪಿಸಿದವು.
ಒಂದರ ಚಡ್ಡಿ ಒದ್ದೆ.
ಪದ್ಯ ಮುಗಿಯುವವರೆಗೂ ಒದ್ದೆ.

ಕೋಡಿಬಾಗದ ಎಸ್ಪೆರಾನ್ಸಬಾಯಿ ಏಳಲೇ ಇಲ್ಲ.
ಯಾರದೋ ಮಗು ತೊಡೆಯ ಮೇಲೆ ಆಗಷ್ಟೇ ಕಣ್ಣು ಮುಚ್ಚಿತ್ತು.
ತುಟಿಗೆ ಬೆರಳಿಟ್ಟು "ರಾವ್" ಅಂದಳು.
ಕಾದೆ ಹೊಸಿಲಾಚೆ, ಬಿಸಿಲಲ್ಲಿ, ಇಪ್ಪತ್ತು ನಿಮಿಷ.
ಗೋಡೆಯ ಸುಣ್ಣ ಉದುರಿದೆ. ಅಂಗಳದಲ್ಲಿ ಬೆಕ್ಕು.
ಬಾವಿಗೆ ಬಲೆ ಇದೆಯಾ? ಇದೆ, ಎಳೆದು ನೋಡಿದೆ.
ಗಂಜಿಗೆ ಉಪ್ಪೆಷ್ಟು, ಜ್ವರ ಬಂದರೆ ಯಾರಿಗೆ ಫೋನು,
ಟಿಕೆಟಿನ ಬೆನ್ನಿಗೆ ಬರೆದು ತಂದ ಹನ್ನೊಂದು ಪ್ರಶ್ನೆ
ತೆಗೆಯುವ ಮೊದಲೇ ಅವಳು ಕೇಳಿದಳು:
"ನಿದ್ದೆಗೆ ಮುಂಚೆ ಇವಳು ಏನು ಹಿಡ್ಕೊಳ್ತಾಳೆ?"
"ನನ್ನ ಕಿವಿ."
"ಅದನ್ನ ಬಿಟ್ಟು?"

ಇವತ್ತು ಸೋಮವಾರ, ಎಂಟೂ ಹತ್ತರ ಮಾಜಾಳಿ ಗಾಡಿ.
ಹಳೇ ಖಾಕಿ ಅಂಗಿಯೊಂದು ಕೋಡಿಬಾಗದಲ್ಲಿದೆ,
ಕಿವಿ ನನ್ನ ಬಳಿಯೇ ಉಳಿದಿದೆ.
ಸೇತುವೆ ಬಂದಾಗ ಬಗ್ಗಿ ನೋಡುತ್ತೇನೆ.
ಹೆಂಚಿನ ಮಾಡಷ್ಟೇ ಕಾಣುತ್ತದೆ,
ಚಪ್ಪಲಿ ಎಣಿಸುವಷ್ಟು ಹತ್ತಿರವಲ್ಲ.
"ಸದಾಶಿವಗಡ ಒಂದು" ಅಂತ
ಯಾರೋ ಆಗಲೇ ಎರಡು ಸಲ ಕೇಳಿರಬೇಕು.