ಹದಿನಾರು ಡಿಗ್ರಿ

ಆಗಸ್ಟ್. ಶಾರ್ಜಾದ ಅಲ್ ನಹ್ದಾ, ಆರನೇ ಮಹಡಿ.
ಏಸಿಯ ಜಾಲರಿ ಬಿಚ್ಚಿ ಧೂಳು ಕೊಡವುತ್ತಿದ್ದೆ.
"ಇನ್ನೂ ತಣ್ಣಗೆ ಆಗದೇ?" ಕೇಳಿದಳು ಶುಶಾನಿಕ್,
ತುಟಿಯಲ್ಲಿ ಗುಂಡುಸೂಜಿ, ಮಡಿಲಲ್ಲಿ ಯಾರದೋ ಮದುವೆಯ ನಿಲುವಂಗಿ.
ಹದಿನಾರರ ಕೆಳಗೆ ಇಳಿಯಲ್ಲಮ್ಮ ಇದು.

ನಕ್ಕಳು. ಸೀಮೆಸುಣ್ಣ ತಗೊಂಡು ಕತ್ತರಿಸುವ ಮೇಜಿನ ಮೇಲೆ
ಊರು ಬರೆದಳು: ಹತ್ತೊಂಬತ್ತು ಮನೆ, ಒಂದು ಚಿಲುಮೆ,
ಸೂರಿಲ್ಲದ ಇಗರ್ಜಿ, ಅದರೊಳಗೆ ಕುರಿ.
ಬೆಟ್ಟಕ್ಕೆ ಜಾಗ ಸಾಲದೆ ಗೆರೆ
ಮೇಜು ದಾಟಿ ಬಾಡಿಗೆಮನೆಯ ಗೋಡೆ ಹತ್ತಿತು.
ಊರ ಹೆಸರು ನನ್ನ ಗಂಟಲಿಗೆ ಒಗ್ಗಲಿಲ್ಲ.
ಅರ್ಥ ಹೇಳಿದಳು: ಕಲ್ಲಿನ ಊರು.
ಅಯ್ಯೋ, ಕಲ್ಲೂರು! ನಮ್ಮ ತಾಲೂಕಿನಲ್ಲೇ ಎರಡಿವೆ.

ಪುಟ್ಟ ಮನೆಗಳ ಮೈಗೆ ಅವಳಿಟ್ಟ ದುಂಡು ಚುಕ್ಕೆ
ಏನೆಂದು ಕೇಳಬೇಕಿರಲಿಲ್ಲ.
ಬೆರಣಿ. ಅಲ್ಲೂ ಐದು ಬೆರಳ ಗುರುತು.
ಚಳಿಗಾಲ ಪೂರ್ತಿ ಅದರದೇ ಬೆಂಕಿ, ಅಂದಳು;
ಹಿಮ ಬಾಗಿಲ ಚಿಲಕದವರೆಗೆ ಬಂದಾಗ
ಅಪ್ಪ ಕಿಟಕಿಯಿಂದ ಇಳಿದು ಹಸುವಿಗೆ ಹುಲ್ಲು ಹಾಕುತ್ತಿದ್ದ.

ಬಿಲ್ಲು ಎಪ್ಪತ್ತು ದಿರ್ಹಮ್. ಐವತ್ತು ತಗೊಂಡೆ.
ಕೆಳಗೆ, ವ್ಯಾನಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದಿತ್ತು.
ಮೊಣಕೈಗೆ ಅಂಟಿದ್ದ ಸುಣ್ಣ ಒರೆಸಲು ಹೋಗಿ
ಬಿಟ್ಟೆ:
ಯಾರ ಮನೆಯೋ, ಯಾರ ಹಟ್ಟಿಯೋ.