ಗೋಲಿನ ಹಿಂದೆ

ಮೊದಲ ಸಲ ಅದು ಕರೆದದ್ದು ಪೊನ್ನಂಪೇಟೆಯಲ್ಲಿ,
ಪೆನಾಲ್ಟಿ ಕಾರ್ನರಿಗೆ ನಾನು ಪ್ಯಾಡು ಕಟ್ಟಿ ಬಾಗಿದ್ದಾಗ.
ನನ್ನ ಹಿಂದೆ ಬಲೆ, ಬಲೆಯ ಹಿಂದೆ ಬೇಲಿ,
ಬೇಲಿಯಾಚೆ ಯಾರದೋ ಕಾಫಿ.
"ದೇಚು, ಬಿಡು" ಅಂತು.
ಬಿಟ್ಟೆ.
ಬಿಸಿಲು ಕಣ್ಣಿಗೆ ಹೊಡೆಯಿತು ಅಂದುಕೊಂಡರು ಎಲ್ಲ.

ಆಮೇಲೆ ಮೆಸ್ಸಿನ ನಲ್ಲಿಯೊಳಗೆ, ಹಾಸ್ಟೆಲಿನ ಫ್ಯಾನಿನೊಳಗೆ,
ಗಂಡಸಲ್ಲ, ಹೆಂಗಸಲ್ಲ,
ಕಡುಬು ಬಾಯಲ್ಲಿಟ್ಟುಕೊಂಡೇ ಮಾತಾಡಿದ ಹಾಗೆ:
ಈಗ ಉಗುಳಿದಳು. ಈಗ ಕನ್ನಡಿ ನೋಡಿದಳು.
ಕನ್ನಡಿಗೆ ಟವೆಲು ಹೊದಿಸಿದೆ.
ಈಗ ಹೊದಿಸಿದಳು.

ಪುತ್ತರಿಗೆ ಹೋದಾಗ ಅಜ್ಜಮ್ಮ
ನೆಲ್ಲಕ್ಕಿಯ ದೀಪದಡಿ ನನ್ನ ಮುಖ ಹಿಡಿದು
"ಕಾರೋಣರು ಕರೆಯುತ್ತಿರಬೇಕು, ಕುಂಞಿ" ಅಂದರು.
ಬಾಳೆಲೆಯಲ್ಲಿ ಮೀದಿ ಇಟ್ಟರು. ಕೈ ಮುಗಿದೆ,
ಮನಸ್ಸಿಟ್ಟೇ ಮುಗಿದೆ.
ಆದರೆ ಅದು ನನಗೆ ಅನ್ನುವುದನ್ನೆಲ್ಲ
ಹಿರಿಯರು ಯಾಕೆ ಅಂದಾರು?

ವಾರ್ಡನ್ ಫಿಲೋಮಿನಾಗೆ ಹೇಳಿದ್ದು ಬಟ್ಟೆ ತಂತಿಯ ಕೆಳಗೆ.
ಹೇಳುತ್ತ ಕ್ಲಿಪ್ಪು ಎಣಿಸುತ್ತಿದ್ದೆ. ಹದಿನಾಲ್ಕು.
ಅವರು ಶಿಲುಬೆ ಮುಟ್ಟಿಕೊಳ್ಳಲಿಲ್ಲ, ಪರೀಕ್ಷೆಯ ಭಯ ಅನ್ನಲಿಲ್ಲ.
"ನಾಳೆ ಏಳೂವರೆ ಬಸ್ಸು" ಅಂದರು.
ಆ ರಾತ್ರಿ ತಮ್ಮ ಮಂಚ ಎಳೆದು
ನಮ್ಮ ಬಾಗಿಲಿಗೆ ಅಡ್ಡ ಹಾಕಿಕೊಂಡರು.

ಮೂರ್ನಾಡು ದಾಟುವಾಗ "ಇಳಿ" ಅಂತು.
ಹದಿನೇಳು ತುಂಬಿದವಳು
ಅವರ ಸೆರಗಿನ ತುದಿ ಹಿಡಿದು ಕುಳಿತೆ.

ಮಡಿಕೇರಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವವ
ತಲೆಯೆತ್ತದೆ ಕೇಳಿದ, "ಎಂತ ತೊಂದರೆ?"
ಹಿಂದೆ ಇಪ್ಪತ್ತು ಜನ.
"ತಲೆನೋವು."
ಬರೆದ. ಎರಡು ಹೆಜ್ಜೆ ಹೋದೆ, ತಿರುಗಿ ಬಂದೆ.
"ತಲೆನೋವಲ್ಲ. ಅದನ್ನು ಹೊಡೆದುಹಾಕಿ."
ಹೊಡೆದುಹಾಕಿದ. "ಹನ್ನೊಂದನೇ ರೂಮು."
ಅಷ್ಟೇ. ಮುಂದಿನವರನ್ನು ಕರೆದ.

ಬೆಂಚಿನ ಮೇಲೆ ಕಿತ್ತಳೆ ಸುಲಿದು ನಾರು ತೆಗೆದು
ಒಂದೊಂದೇ ತೊಳೆ ಕೊಟ್ಟರು ಫಿಲೋಮಿನಾ,
ಪಕ್ಕದ ಲೈನ್‌ಮನೆ ಹುಡುಗನಿಗೂ.
ಅವನು ಏನನ್ನೋ ಕೇಳಿಸಿಕೊಳ್ಳುತ್ತ
ತೊಳೆಯನ್ನು ಹಿಡಿದೇ ಇದ್ದ.

ಡಾಕ್ಟರಿಗೆ ನೆಗಡಿ.
"ಈಗ ಕೇಳಿಸ್ತಾ ಇದೆಯಾ?"
"ಹೂಂ."
"ಎಂತ ಹೇಳ್ತಿದೆ?"
"ನೀವು ನಂಬೋದಿಲ್ಲ ಅಂತ."
ಪೆನ್ನು ಕೆಳಗಿಟ್ಟು ಮೂಗು ಒರೆಸಿಕೊಂಡರು.
"ನಿನಗೆ ಕೇಳಿಸ್ತಿದೆ ಅನ್ನೋದನ್ನ ನಂಬ್ತೇನೆ.
ಯಾವಾಗಿಂದ?"

ಸೆಪ್ಟೆಂಬರಿನಿಂದ, ಅಂದೆ. ಅಂದದ್ದಕ್ಕೆ ಅದು ಬೈಯಿತು.
ಮಾತ್ರೆಯ ಹೆಸರನ್ನು ನನಗಿಂತ ಮೊದಲೇ ಓದಿ ಬೈಯಿತು.
ಹದಿನೈದು ದಿನ ಬಿಟ್ಟು ಮತ್ತೆ ಬರಬೇಕಂತೆ.

ವಾಪಸು ಬಸ್ಸಿನಲ್ಲಿ ಕಿಟಕಿ ನನಗೆ.
ಗೋಲಿನ ಹಿಂದೆ ಅದು ಇನ್ನೂ ನಿಂತೇ ಇದೆ.
ಮುಂದೆ ಈಗ ಒಬ್ಬಳು ಫುಲ್‌ಬ್ಯಾಕು:
ಕೈಚೀಲ ಮಡಿಲಲ್ಲಿಟ್ಟು, ಬಾಯಿ ತೆರೆದು,
ಗೊರಕೆ ಹೊಡೆಯುತ್ತ.